ಜೈರೋಪ್ಲೇನಿನಲ್ಲಿ ಕಡಲತೀರದ ಮೇಲೆ



ನಮ್ಮ ಶಾಲೆಯ ಮೇಲೆ ದಿನಕ್ಕೆ ಎಷ್ಟು ವಿಮಾನಗಳು ಹಾರಿಹೋಗುವುವೆಂದು ಎಣಿಸಿದವರು ನಿಮ್ಮಲ್ಲಿ ಹಲವರಿರಬಹುದು. ಸಾಂತಾಕ್ರೂಜಿನ ಕಡೆಗೆ ಇಳಿಯುವ ವಿಮಾನದ ಸದ್ದಿಗೆ ಪಾಠವನ್ನು ಅರೆಗಳಿಗೆ ನಿಲ್ಲಿಸುವುದು ನಮಗೆಲ್ಲ ರೂಢಿಯಾಗಿಹೋಗಿದೆ. ಎರಡು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಹೀಗೆ ಪಾಠ ನಿಂತಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಆಕಾಶದಲ್ಲಿ ಇಂಜಿನ್ ನಿಂತರೆ ಏನಾಗುತ್ತದೆ?” ಎಂದು ಕೇಳಿದಳು. ಗಂಟೆ ಬಾರಿಸುವ ಹೊತ್ತಾಗಿತ್ತು. “ಏನಾಗುತ್ತದೆ? ಬೀಳುತ್ತದೆ!” ಎಂದು ಹೇಳಿ ನಾನು ಪುಸ್ತಕವನ್ನು ಮುಚ್ಚಿದೆ. ತರಗತಿ ನಕ್ಕಿತು. ಆಕೆ ಮಾತ್ರ ನಗಲಿಲ್ಲ. ಆಕೆಯ ತಂದೆ ಮರುದಿನವೇ ವಿಮಾನದಲ್ಲಿ ದುಬೈಗೆ ಹೊರಡುವವರಿದ್ದರೆಂಬುದು ನನಗೆ ಅನಂತರ ತಿಳಿಯಿತು.

ನಾನು ಕೊಟ್ಟ ಉತ್ತರ ಆತುರದ್ದು. ಅಷ್ಟೇ ಅಲ್ಲ, ತಪ್ಪಾದದ್ದು. ಅಧ್ಯಾಪಕನ ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯುವವರು ಯಾರೂ ಇರುವುದಿಲ್ಲ; ಆ ಕೆಲಸವನ್ನು ಅವನೇ ಮಾಡಿಕೊಳ್ಳಬೇಕು. ಕಳೆದ ಫೆಬ್ರವರಿಯಲ್ಲಿ, ಸಮುದ್ರದ ಮೇಲೆ ಸಾವಿರ ಅಡಿ ಎತ್ತರದಲ್ಲಿ, ನನಗೆ ಅದರ ಅವಕಾಶ ದೊರೆಯಿತು. ಆ ಸಂಗತಿಯನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ಇಲ್ಲಿ ನಿಮಗೆ ತಿಳಿಸುವೆನು.

ಯಂತ್ರದ ಪರಿಚಯ

ನಿವೃತ್ತನಾದ ಮೇಲೆ ನಾನು ಮಗಳ ಮನೆಗೆಂದು ಹವಾಯಿಗೆ ಹೋಗಿದ್ದೆನು. ಶಾಂತಸಾಗರದ ನಡುವೆ ಇರುವ ಈ ದ್ವೀಪಸಮೂಹದಲ್ಲಿ ಓವಾಹು ಎಂಬುದೊಂದು ದ್ವೀಪ. ರಾಜಧಾನಿಯಾದ ಹೊನೊಲುಲು ಇರುವುದು ಅದರಲ್ಲಿಯೇ. ಭೂಪಟವನ್ನು ತೆರೆದು ನೋಡಿರಿ: ನಮ್ಮ ಮುಂಬಯಿ ಸುಮಾರು ೧೯ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಹೊನೊಲುಲು ೨೧ ಡಿಗ್ರಿಯಲ್ಲಿದೆ. ಎರಡೂ ಉಷ್ಣವಲಯದವು. ಆದುದರಿಂದ ತೆಂಗಿನ ಮರ, ಬಾಳೆ, ದಾಸವಾಳಗಳನ್ನು ಕಂಡಾಗ ನನಗೆ ಪರದೇಶವೆನಿಸದೆ ಉಡುಪಿಯ ಕಡೆಯ ನೆನಪೇ ಬಂದಿತು.

ದ್ವೀಪದ ವಾಯವ್ಯ ತೀರದಲ್ಲಿ ಡಿಲ್ಲಿಂಗ್‌ಹ್ಯಾಮ್ ಎಂದು ಹಿಂದೆ ಕರೆಯುತ್ತಿದ್ದ ವಿಮಾನ ನಿಲ್ದಾಣವಿದೆ. ಒಂದು ಕಡೆ ವೈಯನಾಯ್ ಬೆಟ್ಟಸಾಲು, ಇನ್ನೊಂದು ಕಡೆ ಸಮುದ್ರ. ನಡುವಿನ ಕಿರಿದಾದ ಬಯಲಿನಲ್ಲಿ ಸುಮಾರು ೯,೦೦೦ ಅಡಿ ಉದ್ದದ ಓಡುಹಾದಿ. ಇಂಜಿನ್ ಇಲ್ಲದ ಗ್ಲೈಡರುಗಳೂ, ಪ್ಯಾರಾಶೂಟಿನಿಂದ ಧುಮುಕುವವರೂ ಹೆಚ್ಚಾಗಿ ಸೇರುವ ಸ್ಥಳವಿದು. ಅಲ್ಲಿ ನಾನು ಏರಿದ್ದು ಜೈರೋಪ್ಲೇನ್ ಎಂಬ ಯಂತ್ರವನ್ನು.

ಮೊದಲ ನೋಟಕ್ಕೆ ಅದು ಚಿಕ್ಕದೊಂದು ಹೆಲಿಕಾಪ್ಟರಿನಂತೆ ಕಾಣುತ್ತದೆ. ಮೂರು ಚಕ್ರಗಳು, ಒಂದರ ಹಿಂದೆ ಒಂದು ಎರಡು ಆಸನಗಳು, ತಲೆಯ ಮೇಲೆ ಕಂಬದ ತುದಿಯಲ್ಲಿ ಎರಡು ಉದ್ದನೆಯ ಅಲಗುಗಳಿರುವ ತಿರುಗುರೆಕ್ಕೆ. ಈ ತಿರುಗುರೆಕ್ಕೆಗೆ ರೋಟರ್ ಎಂದು ಹೆಸರು. ಮೇಲೆ ಛಾವಣಿಯಿಲ್ಲ, ಪಕ್ಕದಲ್ಲಿ ಬಾಗಿಲಿಲ್ಲ. ಮುಂದೆ ಮೊಳಕಾಲೆತ್ತರದ ಪಾರದರ್ಶಕ ತಡೆಯೊಂದೇ. ಬೆನ್ನ ಹಿಂದೆ ನೂರು ಅಶ್ವಶಕ್ತಿಯ ಇಂಜಿನ್ನೂ ಅದು ತಿರುಗಿಸುವ ಪ್ರೊಪೆಲ್ಲರೂ ಇವೆ. ಬರಿಯ ಯಂತ್ರದ ತೂಕ ೩೦೦ ಕಿಲೋಗ್ರಾಮಿಗೂ ಕಡಿಮೆ.

ಹೆಲಿಕಾಪ್ಟರಿಗೂ ಇದಕ್ಕೂ ಇರುವ ಮುಖ್ಯ ಭೇದವನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿರಿ. ಹೆಲಿಕಾಪ್ಟರಿನ ರೋಟರನ್ನು ಇಂಜಿನ್ ತಿರುಗಿಸುತ್ತದೆ. ಜೈರೋಪ್ಲೇನಿನ ರೋಟರನ್ನು ಹಾರಾಟದಲ್ಲಿ ಇಂಜಿನ್ ತಿರುಗಿಸುವುದೇ ಇಲ್ಲ! ಇಂಜಿನ್ ಯಂತ್ರವನ್ನು ಮುಂದಕ್ಕೆ ನೂಕುತ್ತದೆ, ಅಷ್ಟೆ. ರೋಟರನ್ನು ತಿರುಗಿಸತಕ್ಕದ್ದು ಗಾಳಿ.

“ಅಪ್ಪಾ, ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ?” ಎಂದು ಮಗಳು ಮತ್ತೆ ಮತ್ತೆ ಕೇಳಿದಳು. ನಿಜ ಹೇಳಬೇಕೆಂದರೆ ನನಗೂ ಎದೆ ಡವಗುಟ್ಟುತ್ತಿತ್ತು. ಆದರೆ ಹಿಂದಿನ ಬೆಂಚಿನ ಆ ಹುಡುಗಿಯ ಮುಖ ನೆನಪಿಗೆ ಬಂದಿತು.

ಏರುವ ಬಗೆ

ವಿಮಾನಚಾಲಕರು ಮಿತಭಾಷಿಯಾದ ಮಧ್ಯವಯಸ್ಕರು. ಮೊದಲು ನನ್ನ ಜೇಬುಗಳನ್ನೆಲ್ಲ ಬರಿದುಮಾಡಿಸಿದರು. ಪೆನ್ನು, ಕರವಸ್ತ್ರ, ಕಡೆಗೆ ಚಾಕಲೇಟಿನ ಕಾಗದವೂ ಇರಕೂಡದು. ಪ್ರೊಪೆಲ್ಲರ್ ಇರುವುದು ಹಿಂದೆ. ಕೈಯಿಂದ ಜಾರಿದ ವಸ್ತು ಕೆಳಗೆ ಬೀಳದೆ ಗಾಳಿಯೊಂದಿಗೆ ಹಿಂದಕ್ಕೆ ಹಾರಿ ನೇರವಾಗಿ ಅದಕ್ಕೇ ಹೊಡೆಯುತ್ತದೆ. ಕನ್ನಡಕವನ್ನು ಸಹ ದಾರದಿಂದ ಕಟ್ಟಿದರು. ತೇಲುವ ಅಂಗಿಯನ್ನೂ, ಮಾತನಾಡುವ ಸಾಧನವಿರುವ ಹೆಲ್ಮೆಟನ್ನೂ ತೊಡಿಸಿ ಹಿಂದಿನ ಆಸನದಲ್ಲಿ ಕುಳ್ಳಿರಿಸಿದರು.

ಗಾಳಿಯೇ ರೋಟರನ್ನು ತಿರುಗಿಸುವುದಾದರೆ ನಿಂತಲ್ಲಿ ಅದು ತಿರುಗುವುದು ಹೇಗೆ? ಅದಕ್ಕೆಂದೇ ನೆಲದ ಮೇಲೆ ಮಾತ್ರ ಉಪಯೋಗಿಸುವ ಒಂದು ಜೋಡಣೆಯುಂಟು. ಇಂಜಿನ್ನಿನ ಶಕ್ತಿಯನ್ನು ಸ್ವಲ್ಪ ಹೊತ್ತು ರೋಟರಿಗೆ ಕೊಟ್ಟು ಅದನ್ನು ಮಿನಿಟಿಗೆ ಇನ್ನೂರು ಸುತ್ತುಗಳವರೆಗೆ ತಿರುಗಿಸಿ, ಆಮೇಲೆ ಆ ಸಂಬಂಧವನ್ನು ಕಡಿದುಬಿಡುತ್ತಾರೆ. ಚಾಲಕರು ಹಿಡಿಕೋಲನ್ನು ತಮ್ಮ ಕಡೆಗೆ ಎಳೆದು ರೋಟರಿನ ತಟ್ಟೆಯನ್ನು ಹಿಂದಕ್ಕೆ ವಾಲಿಸಿ ಬ್ರೇಕನ್ನು ಸಡಿಲಿಸಿದರು. ಯಂತ್ರ ಓಡತೊಡಗಿದಂತೆ ಎದುರುಗಾಳಿ ವಾಲಿದ ರೋಟರಿನ ಅಡಿಯಿಂದ ನುಗ್ಗಿ ಅದನ್ನು ಇನ್ನಷ್ಟು ವೇಗವಾಗಿ ತಿರುಗಿಸಿತು. ಸುಮಾರು ನೂರು ಮೀಟರ್ ಓಡಿದ್ದೆವೋ ಇಲ್ಲವೋ, ನೆಲ ನಮ್ಮ ಕಾಲಡಿಯಿಂದ ಕಳಚಿಹೋಯಿತು.

ಸಂಕ್ರಾಂತಿಯಲ್ಲಿ ನೀವು ಹಾರಿಸುವ ಗಾಳಿಪಟವನ್ನು ನೆನೆಯಿರಿ. ಅದು ಗಾಳಿಗೆ ಓರೆಯಾಗಿ ನಿಂತು ಮೇಲಕ್ಕೆ ನೂಕಲ್ಪಡುತ್ತದೆ. ಜೈರೋಪ್ಲೇನ್ ಎಂಬುದು ದಾರದ ಬದಲು ಇಂಜಿನ್ ಕಟ್ಟಿಕೊಂಡ, ತಿರುಗುವ ಗಾಳಿಪಟ. ಇದು ಬರಿಯ ಉಪಮೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿ ಹಡಗುಗಳು ಇಂಜಿನ್ನೇ ಇಲ್ಲದ ಇಂಥ ಯಂತ್ರವನ್ನು ಹಗ್ಗದಿಂದ ಎಳೆದು, ಅದರಲ್ಲಿ ಒಬ್ಬ ನಾವಿಕನನ್ನು ಮೇಲಕ್ಕೇರಿಸಿ, ದೂರದ ಹಡಗುಗಳನ್ನು ಹುಡುಕುತ್ತಿದ್ದವು. ೧೯೪೩ರ ಆಗಸ್ಟಿನಲ್ಲಿ ನಮ್ಮ ಹಿಂದೂ ಮಹಾಸಾಗರದಲ್ಲಿಯೇ ಗ್ರೀಕ್ ಹಡಗೊಂದನ್ನು ಹೀಗೆ ಪತ್ತೆಹಚ್ಚಿ ಮುಳುಗಿಸಿದರು. ಅದೇ ರೋಟರ್‌ಪಟದ ಮಾದರಿಯನ್ನು ಅಭ್ಯಸಿಸಿ ಅಮೇರಿಕದ ಇಗೋರ್ ಬೆನ್ಸೆನ್ ಎಂಬವರು ಯುದ್ಧಾನಂತರ ಚಿಕ್ಕ ಜೈರೋಪ್ಲೇನುಗಳನ್ನು ನಿರ್ಮಿಸಿದರು.

ಹವಳದ ತೀರ

ಸಾವಿರ ಅಡಿ ಏರಿ ನಾವು ತೀರದ ಗುಂಟ ಪೂರ್ವಕ್ಕೆ ಹೊರಟೆವು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಮುಖಕ್ಕೆ ನೇರವಾಗಿ ಬಡಿಯುತ್ತಿತ್ತು. ಕಿಟಕಿಯ ಗಾಜಿನ ಮೂಲಕ ಭೂಮಿಯನ್ನು ನೋಡುವುದು ಬೇರೆ, ಹೀಗೆ ಬಯಲಿನಲ್ಲಿ ಕುಳಿತು ನೋಡುವುದು ಬೇರೆ. ಉಪ್ಪಿನ ವಾಸನೆಯೂ, ಹಸಿ ಹುಲ್ಲಿನ ವಾಸನೆಯೂ ಅಷ್ಟು ಎತ್ತರಕ್ಕೆ ಬರುತ್ತಿತ್ತು. ನನ್ನ ಬೂಟಿನ ಪಕ್ಕದಲ್ಲಿ, ಏನೂ ಅಡ್ಡಿಯಿಲ್ಲದೆ, ಸಮುದ್ರ.

ಭೂಗೋಳದ ಪಾಠಗಳೆಲ್ಲ ಕೆಳಗೆ ಬಿಚ್ಚಿಟ್ಟಂತಿದ್ದವು. ಮರಳಿನ ಮೇಲೆ ಆಳವಿಲ್ಲದ ನೀರು ತಿಳಿಹಸುರು. ಆಳ ಹೆಚ್ಚಿದಂತೆ ನೀಲಿ. ಇನ್ನೂ ಆಚೆಗೆ ಕಡುನೀಲಿ. ನೀರು ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಮೊದಲು ಹೀರಿಕೊಳ್ಳುವುದರಿಂದ ಆಳಕ್ಕೆ ಹೋದಂತೆ ನೀಲಿಯೊಂದೇ ಉಳಿಯುತ್ತದೆ. ತೀರಕ್ಕೆ ಸಮಾನಾಂತರವಾಗಿ ಹವಳದ ದಿಬ್ಬ ಕಂದುಬಣ್ಣದ ಪಟ್ಟಿಯಾಗಿ ಹರಡಿತ್ತು. ಅದರ ಹೊರ ಅಂಚಿನಲ್ಲಿ ಅಲೆಗಳು ಒಡೆದು ಬಿಳಿಯ ಗೆರೆಯಾಗುತ್ತಿದ್ದವು. ಹಳ್ಳಗಳು ಸಮುದ್ರಕ್ಕೆ ಸೇರುವ ಕಡೆಗಳಲ್ಲಿ ಮಾತ್ರ ದಿಬ್ಬಕ್ಕೆ ಬಾಗಿಲು ತೆರೆದಂತೆ ತೆರಪು. ಹವಳದ ಜೀವಿಗೆ ಸಿಹಿನೀರು ಆಗದು. ಆದಕಾರಣ ಹಳ್ಳದ ಬಾಯಿಯಲ್ಲಿ ಅದು ಬೆಳೆಯುವುದಿಲ್ಲ.

ಒಳನಾಡಿನಲ್ಲಿ ವೈಯಲುವಾದ ಹಳೆಯ ಸಕ್ಕರೆ ಕಾರ್ಖಾನೆಯ ಚಿಮಣಿ ಕಂಡಿತು. ಓವಾಹು ದ್ವೀಪದ ಕೊನೆಯ ಸಕ್ಕರೆ ಕಾರ್ಖಾನೆಯಾದ ಅದು ೧೯೯೬ರಲ್ಲಿ ಮುಚ್ಚಿತು. ಹಲೆಯಿವಾ ಊರಿನ ಜೋಡಿ ಕಮಾನುಗಳ ಸೇತುವೆಯನ್ನು ದಾಟಿ ವೈಮೆಯಾ ಕೊಲ್ಲಿಯವರೆಗೆ ಹೋದೆವು. ಉತ್ತರದ ಶೀತ ಸಾಗರದಲ್ಲಿ ಏಳುವ ಚಳಿಗಾಲದ ಬಿರುಗಾಳಿಗಳು ಸಾವಿರಾರು ಮೈಲಿ ದೂರದ ಈ ಕೊಲ್ಲಿಗೆ ಪ್ರಚಂಡ ಅಲೆಗಳನ್ನು ಕಳುಹಿಸುತ್ತವೆ. ಮೇಲಿನಿಂದ ಅವು ಮೆಲ್ಲಗೆ ನಡೆಯುವ ಸುಕ್ಕುಗಳಂತೆ ಕಂಡರೂ, ಅವುಗಳ ಮುಂದೆ ಹಲಗೆಯ ಮೇಲೆ ನಿಂತವರು ಇರುವೆಗಳಂತೆ ತೋರಿದಾಗ ಅವುಗಳ ನಿಜವಾದ ಗಾತ್ರ ತಿಳಿಯಿತು.

ಸಿಯೆರ್ವಾನ ಮೂರು ಸೋಲುಗಳು

ಅಲ್ಲಿಂದ ಪಶ್ಚಿಮಕ್ಕೆ ತಿರುಗಿದೆವು. ತಲೆಯ ಮೇಲೆ ರೋಟರ್ ಒಂದೇ ಸಮನೆ ತಿರುಗುತ್ತಿತ್ತು. ಅದನ್ನು ನೋಡುತ್ತ ಇದನ್ನು ಕಂಡುಹಿಡಿದವನ ಕಥೆ ನೆನಪಾಯಿತು. ನೀವೂ ಕೇಳಿರಿ.

ಹುವಾನ್ ಡೆ ಲಾ ಸಿಯೆರ್ವಾ ಎಂಬವನು ೧೮೯೫ರಲ್ಲಿ ಸ್ಪೇನ್ ದೇಶದ ಮುರ್ಸಿಯಾ ಎಂಬಲ್ಲಿ ಜನಿಸಿದನು. ಎಳೆಯ ವಯಸ್ಸಿನಲ್ಲಿಯೇ ವಿಮಾನಗಳನ್ನು ನಿರ್ಮಿಸತೊಡಗಿದ ಈತನು ಮೂರು ಇಂಜಿನ್ನುಗಳ ದೊಡ್ಡ ವಿಮಾನವೊಂದನ್ನು ಕಟ್ಟಿದನು. ೧೯೧೯ರಲ್ಲಿ ಪರೀಕ್ಷೆಯ ಹಾರಾಟದಲ್ಲಿ ಅದು ನೆಲಕ್ಕೆ ಸಮೀಪವಾಗಿ ವೇಗವನ್ನು ಕಳೆದುಕೊಂಡು ಬಿದ್ದು ಪುಡಿಯಾಯಿತು. ಸಾಧಾರಣ ವಿಮಾನದ ರೆಕ್ಕೆಗೆ ಎತ್ತುಬಲ ಬರುವುದು ಅದು ಗಾಳಿಯಲ್ಲಿ ಮುಂದೆ ಸಾಗುವುದರಿಂದ. ವೇಗ ಒಂದು ಮಿತಿಗಿಂತ ಕಡಿಮೆಯಾದರೆ ಆ ಬಲ ಹಠಾತ್ತನೆ ಕುಸಿಯುತ್ತದೆ. ಸಿಯೆರ್ವಾ ಯೋಚಿಸಿದನು: ವಿಮಾನ ನಿಧಾನವಾದರೂ ರೆಕ್ಕೆ ಮಾತ್ರ ವೇಗವಾಗಿ ಚಲಿಸುತ್ತಲೇ ಇರುವಂತೆ ಮಾಡಬಹುದೇ? ರೆಕ್ಕೆಯನ್ನೇ ಸುತ್ತುವಂತೆ ಮಾಡಿದರೆ?

ಕಲ್ಪನೆ ಸುಲಭ, ಕಾರ್ಯ ಕಷ್ಟ. ಆತನ ಮೊದಲಿನ ಮೂರು ಯಂತ್ರಗಳೂ ಪಕ್ಕಕ್ಕೆ ಮಗುಚಿಬಿದ್ದವು. ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. ರೋಟರಿನ ವ್ಯಾಸ ೮.೪ ಮೀಟರ್ ಎಂದಿಟ್ಟುಕೊಳ್ಳಿರಿ, ಪರಿಧಿ ೨೬.೪ ಮೀಟರ್ ಆಗುವುದು. ಸೆಕೆಂಡಿಗೆ ಆರು ಸುತ್ತು ಸುತ್ತಿದರೆ ಅಲಗಿನ ತುದಿಯ ವೇಗ ಸೆಕೆಂಡಿಗೆ ಸುಮಾರು ೧೫೮ ಮೀಟರ್. ಯಂತ್ರವು ಗಂಟೆಗೆ ೧೦೮ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೩೦ ಮೀಟರ್ ಮುಂದೆ ಸಾಗುತ್ತಿದೆ. ಆಗ ಮುಂದಕ್ಕೆ ಬರುವ ಅಲಗಿನ ತುದಿಗೆ ೧೫೮ಕ್ಕೆ ೩೦ ಕೂಡಿ ೧೮೮ ಮೀಟರ್ ವೇಗದ ಗಾಳಿ. ಹಿಂದಕ್ಕೆ ಹೋಗುವ ಅಲಗಿನ ತುದಿಗೆ ೩೦ ಕಳೆದು ೧೨೮ ಮೀಟರ್. ಎತ್ತುಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ, ಆ ತುದಿಗಳಲ್ಲಿ ಒಂದು ಪಕ್ಕದ ಬಲ ಇನ್ನೊಂದು ಪಕ್ಕದ್ದಕ್ಕಿಂತ ಎರಡು ಪಾಲಿಗೂ ಹೆಚ್ಚಾಗುವುದು. ತಕ್ಕಡಿಯ ಒಂದೇ ತಟ್ಟೆಗೆ ಭಾರ ಹಾಕಿದಂತೆ ಯಂತ್ರ ಮಗುಚದೆ ಇನ್ನೇನಾದೀತು?

ಆಶ್ಚರ್ಯವೇನೆಂದರೆ, ಆತನು ಮಾಡಿದ ಚಿಕ್ಕ ಆಟಿಕೆಯ ಮಾದರಿ ಮಾತ್ರ ಸುಗಮವಾಗಿ ಹಾರುತ್ತಿತ್ತು. ದೊಡ್ಡದು ಬೀಳುವುದೇಕೆ, ಚಿಕ್ಕದು ಹಾರುವುದೇಕೆ? ಆತನು ಎರಡನ್ನೂ ಹೋಲಿಸಿ ನೋಡಿದನು. ಮಾದರಿಯ ಅಲಗುಗಳಿಗೆ ಬೆತ್ತ ಬಳಸಿದ್ದನು, ಅವು ಬಾಗುತ್ತಿದ್ದವು. ದೊಡ್ಡ ಯಂತ್ರದ ಅಲಗುಗಳು ಬಿಗಿಯಾಗಿದ್ದವು. ರಹಸ್ಯ ದೊರೆಯಿತು! ಅಲಗಿನ ಬುಡಕ್ಕೆ ಬಾಗಿಲಿಗಿರುವಂಥ ಒಂದು ಕೀಲನ್ನು ಜೋಡಿಸಿದನು. ಹೆಚ್ಚು ಬಲ ಬಂದ ಅಲಗು ಮೇಲಕ್ಕೇಳುತ್ತದೆ. ಏಳುತ್ತಿರುವಾಗ ಅದು ಗಾಳಿಯನ್ನು ಎದುರಿಸುವ ಕೋನ ಕಡಿಮೆಯಾಗಿ ಬಲವೂ ಇಳಿಯುತ್ತದೆ. ಇನ್ನೊಂದು ಅಲಗು ತಗ್ಗುತ್ತ ಬಲವನ್ನು ಗಳಿಸುತ್ತದೆ. ಎರಡೂ ಸಮವಾಗುತ್ತವೆ. ನಾನು ಕುಳಿತ ಯಂತ್ರದಲ್ಲಿ ಎರಡು ಅಲಗುಗಳಿಗೂ ನಡುವೆ ಒಂದೇ ಕೀಲು. ಉದ್ಯಾನದ ಸೀ-ಸಾ ಹಲಗೆಯಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ.

೧೯೨೩ರ ಜನವರಿಯಲ್ಲಿ ಮ್ಯಾಡ್ರಿಡ್ ನಗರದ ಬಳಿಯ ಹೆತಾಫೆ ಎಂಬಲ್ಲಿ ಕೀಲಿನ ರೋಟರಿನ ಯಂತ್ರ ಹಾರಿತು. ಸಿಯೆರ್ವಾ ಅದಕ್ಕೆ ಆಟೋಜೈರೋ ಎಂದು ಹೆಸರಿಟ್ಟನು. ೧೯೨೮ರ ಸೆಪ್ಟೆಂಬರ್ ೧೮ರಂದು ಆತನೇ ತನ್ನ ಯಂತ್ರವನ್ನು ನಡೆಸಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದನು. ಇಂದಿನ ಹೆಲಿಕಾಪ್ಟರಿನ ರೋಟರುಗಳು ಸಹ ಸಿಯೆರ್ವಾನ ಈ ಶೋಧಕ್ಕೆ ಋಣಿಯಾಗಿವೆ. ಆದರೆ ವಿಧಿಯ ಆಟ ನೋಡಿರಿ: ೧೯೩೬ರ ಡಿಸೆಂಬರ್ ೯ರಂದು ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಮಂಜಿನಲ್ಲಿ ಮೇಲೆದ್ದ ಪ್ರಯಾಣಿಕರ ವಿಮಾನವೊಂದು ಅಪಘಾತಕ್ಕೀಡಾದಾಗ ಅದರಲ್ಲಿದ್ದ ಸಿಯೆರ್ವಾ ಮಡಿದನು. ಆತನಿಗೆ ಆಗ ೪೧ ವರ್ಷ. ವೇಗ ಕುಂದಿದರೂ ಬೀಳದ ಯಂತ್ರವನ್ನು ಲೋಕಕ್ಕೆ ಕೊಟ್ಟವನು ಸತ್ತುದು ಸಾಧಾರಣ ರೆಕ್ಕೆಯ ವಿಮಾನದಲ್ಲಿ.

ಅಳತೆಯ ಆಚೆ

ಓವಾಹುವಿನ ಪಶ್ಚಿಮದ ತುದಿಗೆ ಕಾಯೆನಾ ಭೂಶಿರವೆಂದು ಹೆಸರು. ಅಲ್ಲಿ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳು ನೆಲದ ಮೇಲೆಯೇ ಗೂಡುಕಟ್ಟುತ್ತವೆ. ಇಲಿ, ಬೆಕ್ಕು, ಮುಂಗುಸಿಗಳಿಂದ ಅವುಗಳ ಮೊಟ್ಟೆ ಮರಿಗಳನ್ನು ಕಾಪಾಡಲು ೨೦೧೧ರಲ್ಲಿ ಭೂಶಿರಕ್ಕೆ ಅಡ್ಡಲಾಗಿ ಬೇಲಿ ಹಾಕಿದ್ದಾರೆ. ನಮಗಿಂತ ಬಹಳ ಕೆಳಗೆ ಒಂದು ಆಲ್ಬಟ್ರಾಸ್ ರೆಕ್ಕೆಗಳನ್ನು ಒಮ್ಮೆಯೂ ಬಡಿಯದೆ ಅಲೆಗಳ ಮೇಲೆ ತೇಲುತ್ತಿತ್ತು.

ಆಗ ದೂರದ ಕಡುನೀಲಿಯಲ್ಲಿ ಬಿಳಿಯ ಕಾರಂಜಿಯೊಂದು ಚಿಮ್ಮಿತು. ಅದರ ಬಳಿ ಮತ್ತೊಂದು ಚಿಕ್ಕದು. ತಿಮಿಂಗಿಲಗಳು! ಗೂನುಬೆನ್ನಿನ ತಿಮಿಂಗಿಲಗಳು ಚಳಿಗಾಲದಲ್ಲಿ ಅಲಾಸ್ಕದ ಕಡೆಯಿಂದ ಈ ಬೆಚ್ಚಗಿನ ನೀರಿಗೆ ಮರಿಹಾಕಲು ಬರುತ್ತವೆ. ತಾಯಿಯೂ ಮರಿಯೂ ಇರಬೇಕು. “ಅಲ್ಲಿಗೆ ಹೋಗೋಣವೇ?” ಎಂದು ನಾನು ಹುಡುಗನಂತೆ ಕೂಗಿದೆ.

“ಇಲ್ಲ, ಸರ್,” ಎಂದರು ಚಾಲಕರು. “ತಿಮಿಂಗಿಲಕ್ಕೆ ಸಾವಿರ ಅಡಿಗಿಂತ ಸಮೀಪ ಹೋಗಬಾರದೆಂಬ ಕಾನೂನು ಇಲ್ಲಿದೆ. ಅದೂ ಅಲ್ಲದೆ, ಅದು ನಮ್ಮ ಅಳತೆಯ ಆಚೆ.”

ಅಳತೆ ಎಂದರೇನು? ಇಂಜಿನ್ ನಿಂತ ಜೈರೋಪ್ಲೇನ್ ಒಂದು ಮೀಟರ್ ಇಳಿಯುವಷ್ಟರಲ್ಲಿ ಮೂರರಿಂದ ನಾಲ್ಕು ಮೀಟರ್ ಮುಂದೆ ಸಾಗಬಲ್ಲದು. ಜಾಗರೂಕನಾದವನು ಕಡಿಮೆಯದನ್ನೇ ಹಿಡಿದು ಲೆಕ್ಕಹಾಕಬೇಕು. ಸಾವಿರ ಅಡಿ ಎಂದರೆ ಸುಮಾರು ೩೦೦ ಮೀಟರ್. ಮೂರರಿಂದ ಗುಣಿಸಿದರೆ ೯೦೦ ಮೀಟರ್. ತಿಮಿಂಗಿಲಗಳಿದ್ದುದು ದಡದಿಂದ ಎರಡು ಕಿಲೋಮೀಟರಿಗೂ ದೂರ. ಅಲ್ಲಿ ಇಂಜಿನ್ ನಿಂತರೆ ನಾವು ಇಳಿಯುವುದು ನೀರಿಗೆ. ತೀರದ ಮೇಲೆ ಹಾರುವಾಗ ಚಾಲಕರು ಪ್ರತಿ ಗಳಿಗೆಯೂ, “ಈಗ ನಿಂತರೆ ಇಳಿಯುವುದು ಎಲ್ಲಿ?” ಎಂದು ನೋಡಿಕೊಳ್ಳುತ್ತಲೇ ಇದ್ದರಂತೆ: ಇಲ್ಲಿ ಹುಲ್ಲುಗಾವಲು, ಅಲ್ಲಿ ಹಳೆಯ ಕಬ್ಬಿನ ಗದ್ದೆ, ಮುಂದೆ ಮರಳು. ನನ್ನ ವಿದ್ಯಾರ್ಥಿನಿ ಒಮ್ಮೆ ಕೇಳಿದ ಪ್ರಶ್ನೆಯನ್ನು ಈ ಅನುಭವಿ ಚಾಲಕರು ಪ್ರತಿ ಹಾರಾಟದಲ್ಲಿಯೂ ಉದ್ದಕ್ಕೂ ಕೇಳಿಕೊಳ್ಳುತ್ತಿದ್ದರು. ನಾನು ಅದನ್ನು ನಗೆಗೆ ಬಿಟ್ಟಿದ್ದೆನು.

ಇಂಜಿನ್ ನಿಂತಾಗ

ನಿಲ್ದಾಣದ ಮೇಲೆ ಬಂದಾಗ ನಾನು ಆ ಪ್ರಶ್ನೆಯ ಕಥೆಯನ್ನು ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೋಡಿಯೇ ಬಿಡಿ. ನನ್ನ ಹೆಗಲ ಮೇಲಿನಿಂದ ರೋಟರಿನ ವೇಗದ ಮುಳ್ಳನ್ನು ಗಮನಿಸಿರಿ” ಎಂದರು. ಮುಳ್ಳು ಮಿನಿಟಿಗೆ ೩೬೦ ಸುತ್ತುಗಳ ಸುಮಾರಿನಲ್ಲಿತ್ತು. ಅವರು ಥ್ರಾಟಲನ್ನು ಪೂರ್ತಿಯಾಗಿ ಹಿಂದಕ್ಕೆ ಎಳೆದರು.

ಬೆನ್ನ ಹಿಂದಿನ ಆರ್ಭಟ ಒಮ್ಮೆಲೆ ಅಡಗಿ ಬರಿಯ ಗುನುಗಾಯಿತು. ಯಂತ್ರವನ್ನು ಮುಂದಕ್ಕೆ ನೂಕುವ ಬಲ ಇಲ್ಲವಾಯಿತು. ನಾನು ಆಸನವನ್ನು ಬಿಗಿಯಾಗಿ ಹಿಡಿದೆ. ಮುಳ್ಳು? ಅದು ಇದ್ದಲ್ಲಿಯೇ ಇತ್ತು! ರೋಟರ್ ಮೊದಲಿನಂತೆಯೇ ಸುತ್ತುತ್ತಿತ್ತು. ನಾವು ಬೀಳುತ್ತಿರಲಿಲ್ಲ, ಕಡಿದಾದ ಇಳಿಜಾರಿನಲ್ಲಿ ಸಮಾಧಾನವಾಗಿ ಇಳಿಯುತ್ತಿದ್ದೆವು.

ಇದರ ಕಾರಣ ನಿಮಗೆ ಈಗಾಗಲೇ ಹೊಳೆದಿರಬೇಕು. ಇಂಜಿನ್ ಇದ್ದಾಗಲೂ ರೋಟರನ್ನು ತಿರುಗಿಸುತ್ತಿದ್ದುದು ಗಾಳಿಯೇ. ಈಗ ಯಂತ್ರ ಇಳಿಯುತ್ತಿರುವುದರಿಂದ ಗಾಳಿ ಕೆಳಗಿನಿಂದ ಬರುತ್ತಲೇ ಇದೆ. ನಮ್ಮ ನಗರದ ಮೇಲೆ ಹದ್ದು ರೆಕ್ಕೆ ಬಡಿಯದೆ ಜಾರಿಕೊಂಡು ಇಳಿಯುವಾಗ ಹೇಗೆ ಮುಂದೆ ಸಾಗುವುದೋ, ಹಾಗೆಯೇ ಪ್ರತಿ ಅಲಗೂ ಗಾಳಿಯಲ್ಲಿ ಜಾರುತ್ತ ಮುಂದೆ ಸಾಗುತ್ತದೆ. ಬುಡ ನಡುವೆ ಕಟ್ಟಿರುವುದರಿಂದ ಸುತ್ತುತ್ತದೆ. ಓಡುಹಾದಿ ಹತ್ತಿರವಾದಾಗ ಚಾಲಕರು ಹಿಡಿಕೋಲನ್ನು ಮೆಲ್ಲನೆ ಎಳೆದರು. ಯಂತ್ರ ಮೂಗೆತ್ತಿ, ವೇಗ ಕಳೆದು, ಚಕ್ರವೂರಿ ಕೆಲವೇ ಮೀಟರು ಓಡಿ ನಿಂತಿತು. ಒಂಬತ್ತು ಸಾವಿರ ಅಡಿ ಹಾದಿಯಲ್ಲಿ ನಮಗೆ ಬೇಕಾದದ್ದು ಒಂದು ಅಂಗಳದಷ್ಟು.

ಹಾಗೆಂದು ಈ ಯಂತ್ರ ಅಪಾಯವೇ ಇಲ್ಲದ್ದೆಂದು ತಿಳಿಯಬೇಡಿರಿ. ಹಾರಾಟದಲ್ಲಿ ಹಿಡಿಕೋಲನ್ನು ಹಠಾತ್ತನೆ ಮುಂದಕ್ಕೆ ನೂಕಿದರೆ ಕೆಳಗಿನಿಂದ ಬರುವ ಗಾಳಿ ತಪ್ಪಿ, ರೋಟರಿನ ಮೇಲಿನ ಭಾರ ಇಲ್ಲವಾಗಿ, ಅದರ ವೇಗ ಕುಂದುವುದು. ಆಗ ಯಂತ್ರ ಮುಗ್ಗರಿಸಿ ಉರುಳಬಹುದು. ತಾವೇ ಕಟ್ಟಿದ ಯಂತ್ರವನ್ನು ಗುರುವಿಲ್ಲದೆ ಹಾರಿಸಲು ಹೋಗಿ ಪ್ರಾಣ ಕಳೆದುಕೊಂಡವರು ಹಿಂದೆ ಹಲವರಿದ್ದರು. ಇಂಜಿನ್ ನಿಂತರೂ ಕಾಪಾಡುವ ರೋಟರು, ತನ್ನ ನಿಯಮವನ್ನು ಮುರಿದವನನ್ನು ಕಾಪಾಡದು.

ಇನ್ನು ನಮ್ಮ ಶಾಲೆಯ ಮೇಲೆ ಹಾರುವ ದೊಡ್ಡ ವಿಮಾನಗಳ ಮಾತು. ಇಂಜಿನ್ನುಗಳೆಲ್ಲ ನಿಂತರೂ ಅವು ಕಲ್ಲಿನಂತೆ ಬೀಳುವುದಿಲ್ಲ. ವೇಗವನ್ನು ಕಾಯ್ದುಕೊಂಡು, ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಹದಿನೈದು ಕಿಲೋಮೀಟರಿನಷ್ಟು ದೂರ ತೇಲಿ ಸಾಗಬಲ್ಲವು. ೨೦೦೧ರ ಆಗಸ್ಟ್ ೨೪ರಂದು ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿ ಎರಡು ಇಂಜಿನ್ನುಗಳೂ ನಿಂತ ಒಂದು ವಿಮಾನ ಸುಮಾರು ೧೨೦ ಕಿಲೋಮೀಟರ್ ತೇಲಿ ಬಂದು ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ ೩೦೬ ಜನರೂ ಬದುಕಿದರು. ದೊಡ್ಡ ವಿಮಾನ ಬಹುದೂರ ತೇಲುತ್ತದೆ, ಆದರೆ ಇಳಿಯಲು ಉದ್ದದ ಹಾದಿ ಬೇಕು; ಜೈರೋಪ್ಲೇನ್ ಹೆಚ್ಚು ದೂರ ತೇಲದು, ಆದರೆ ಗದ್ದೆಯಷ್ಟು ಸ್ಥಳ ಸಾಕು. ಪ್ರತಿಯೊಂದಕ್ಕೂ ಅದರದರ ಅಳತೆಯುಂಟು. ಆ ಅಳತೆಯನ್ನು ಅರಿತು ಅದರೊಳಗೆ ಹಾರುವುದೇ ಚಾಲಕನ ವಿದ್ಯೆ.

ನೀವೇ ಮಾಡಿ ನೋಡಿರಿ

ಒಂದು ಗೇಣು ಉದ್ದ, ಮೂರು ಬೆರಳು ಅಗಲದ ಕಾಗದದ ಪಟ್ಟಿಯನ್ನು ತೆಗೆದುಕೊಂಡು, ಅರ್ಧದವರೆಗೆ ನಡುವೆ ಉದ್ದಕ್ಕೆ ಕತ್ತರಿಸಿರಿ. ಕತ್ತರಿಸಿದ ಎರಡು ಭಾಗಗಳಲ್ಲಿ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಮಡಿಸಿರಿ. ಕೆಳತುದಿಗೆ ಭಾರಕ್ಕಾಗಿ ಕಾಗದದ ಕ್ಲಿಪ್ಪೊಂದನ್ನು ಸಿಕ್ಕಿಸಿ ಎರಡನೆಯ ಮಹಡಿಯಿಂದ ಬಿಡಿರಿ. ಅದು ಸುತ್ತುತ್ತ ನಿಧಾನವಾಗಿ ಇಳಿಯುವುದು. ಅಂಥದೇ ಪಟ್ಟಿಯನ್ನು ಕತ್ತರಿಸದೆ ಉಂಡೆಮಾಡಿ, ಅಷ್ಟೇ ಭಾರ ಕಟ್ಟಿ ಬಿಡಿರಿ. ಎರಡಕ್ಕೂ ತಗಲಿದ ಸಮಯವನ್ನು ಬರೆದಿಟ್ಟುಕೊಳ್ಳಿರಿ. ರಸ್ತೆ ಬದಿಯ ಮಹಾಗನಿ ಮರದ ರೆಕ್ಕೆಬೀಜ ದೊರೆತರೆ ಅದನ್ನೂ ಪರೀಕ್ಷಿಸಿರಿ. ಮನುಷ್ಯನಿಗಿಂತ ಬಹಳ ಮೊದಲೇ ಪ್ರಕೃತಿ ಈ ಪಾಠವನ್ನು ಬಲ್ಲದು.

ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಈ ಲೇಖನವನ್ನು ಆಕೆ ಓದುವಳೆಂದು ನಂಬಿದ್ದೇನೆ. ಮಗೂ, ನಿನ್ನ ಪ್ರಶ್ನೆಗೆ ಉತ್ತರ ಎರಡು ವರ್ಷ ತಡವಾಗಿ ಬಂದಿದೆ: ಇಂಜಿನ್ ನಿಂತರೆ ವಿಮಾನ ಬೀಳುವುದಿಲ್ಲ, ಇಳಿಯುತ್ತದೆ. ಎಲ್ಲಿ ಇಳಿಯಬೇಕೆಂಬುದನ್ನು ಬಲ್ಲವರು ಅದನ್ನು ನಡೆಸುತ್ತಿರಬೇಕು, ಅಷ್ಟೆ. ನಿನ್ನ ತಂದೆಯವರು ಮುಂದಿನ ಸಲ ಊರಿಗೆ ಬಂದಾಗ ಅವರಿಗೂ ಇದನ್ನು ಓದಿ ಹೇಳು.